ಅಕ್ಬರಣ್ಣನ ಗುಡ್ಡೆ

ಗಂಗಾಧರನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಎದುರಿಗೆ ಬಂದರೆ ಈಗಲೂ ಮೈ ಉರಿಯುತ್ತದೆ. ಅವನ ಮದುವೆಯ ಹಾಸಿಗೆ ಹೊಲಿದವನು ಅಕ್ಬರಣ್ಣ. ನನ್ನದನ್ನೂ ಅವನೇ ಹೊಲಿದ. ಅವನು ಹತ್ತಿ ಹಿಂಜಿ ಕೊಡದ ಮನೆ ಕ್ಯಾಲನೂರಿನ ಸುತ್ತ ಕಡಿಮೆ.

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ನಮ್ಮ ಬೀದಿಯವರೆಲ್ಲ ಚೀಟಿ ಹಾಕಿ ಕುರಿ ತರುತ್ತೇವೆ. ಕುಯ್ಯುವುದು ಅಕ್ಬರಣ್ಣ; ಅವನಿಗಿಂತ ಮುಂಚೆ ಅವನ ಅಪ್ಪ. ಬಿಸ್ಮಿಲ್ಲಾ ಅಂದು ಅವನು ಕುಯ್ದರೆ ಅವನ ಮನೆಯವರೂ ತಿನ್ನಬಹುದು, ನಾವೂ ತಿನ್ನಬಹುದು. ಆಮೇಲೆ ಮನೆಗೊಂದು ಗುಡ್ಡೆ ಮಾಂಸ. ಚೀಟಿ ಹಾಕಿದ ಅಕ್ಬರಣ್ಣನಿಗೂ ಒಂದು.

ಆ ವರ್ಷ ಅವನು ಚೂರಿ ಮಸೆದುಕೊಂಡು ಹುಣಸೆಮರದ ಕೆಳಗೆ ಬಂದ. ಗಂಗಾಧರ ಅಡ್ಡ ನಿಂತ.

"ಈ ಸಲ ಹಲಾಲ್ ಬೇಡ, ನಾವೇ ಕಡೀತೀವಿ. ಒಂದೇ ಏಟು."

"ಏನ್ಲಾ, ಕುರಿ ಕಿವಿ ಹಿಡಿಯೋಕೂ ಹೆದರ್ಕೊಳ್ಳೋನು ನೀನು!" ಎಂದೆ.

"ಕೂಗಾಡಬೇಡಣ್ಣ. ಕೈ ಎತ್ತಿಸೋಣ. ಜಾಸ್ತಿ ಜನ ಹೇಳ್ದಂಗೆ ಆಗ್ಲಿ."

ನಾನು ನಕ್ಕುಬಿಟ್ಟೆ. ಯಾರು ಎತ್ತುತ್ತಾರೆ! ಕೈಗಳು ಎದ್ದವು. ಹಿರಿಯ ಕೋದಂಡರಾಮಪ್ಪನದೂ ಎದ್ದಿತು. ದಿನಾ ಅಕ್ಬರಣ್ಣನ ಬೀಡಿಗೆ ಬೆಂಕಿ ಹಚ್ಚುವ ಕೈ ಅದು.

"ಅವನೂ ಚೀಟಿ ಹಾಕವ್ನೆ. ಅವನನ್ನ ಕೇಳಿದ್ರೇನ್ರೋ?" ಎಂದು ಕೂಗಿದೆ. ಎತ್ತಿದ ಕೈಯನ್ನು ಯಾರೂ ಇಳಿಸಲಿಲ್ಲ. ಅಕ್ಬರಣ್ಣ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ.

ಕುರಿ ಕಡಿದರು. ಗುಡ್ಡೆ ಹಾಕುವವರು ರೂಢಿಯಂತೆ ಅಕ್ಬರಣ್ಣನದನ್ನೂ ಹಾಕಿಬಿಟ್ಟರು. ಗಂಗಾಧರ ಅದನ್ನು ಎತ್ತಿಕೊಂಡು ಅಕ್ಬರಣ್ಣನ ಮನೆಗೇ ನಡೆದ! ನಾನು ಹಿಂದೆಯೇ ಓಡಿದೆ.

"ತಗೋ ಅಣ್ಣ, ನಿನ್ ಪಾಲು. ನಾವೇನು ಮೋಸ ಮಾಡಿಲ್ಲ."

ಆ ಮಾತನ್ನು ಅವನು ನಿಜವಾಗಿಯೂ ನಂಬಿದ್ದ.

ಅಕ್ಬರಣ್ಣನ ಹೆಂಡತಿ ಅಮೀನಾ ಬೀ ಬಾಗಿಲಿಗೆ ಬಂದಳು. "ಅಲ್ಲಾ ಹೆಸರು ಹೇಳದೆ ಕಡಿದಿದ್ದು ನಾವು ಹೆಂಗೆ ತಿನ್ನೋದು ಗಂಗಾಧರ? ನಾನು ಆಗ್ಲೇ ಮಸಾಲೆ ಅರೆದಿಟ್ಟೆ."

ಅಕ್ಬರಣ್ಣ ಬೈಯಲಿಲ್ಲ. "ತಗೊಂಡೋಗಪ್ಪ, ಮಕ್ಕಳಿಗೆ ಮಾಡ್ಕೊಡು. ಬಿಸಾಕಬೇಡ," ಎಂದು ಒಳಗೆ ಹೋದ.

ಮುಂದಿನ ಹೊಸತೊಡಕಿಗೆ ಬೇರೆ ಕುರಿ ತಂದು ಅವನ ಕೈಲೇ ಕುಯ್ಯಿಸುತ್ತೇನೆ ಎಂದು ನಡುಬೀದಿಯಲ್ಲಿ ನಿಂತು ಕೂಗಿದ್ದೆ. ಶಿವರಾತ್ರಿ ಕಳೆಯುತ್ತಿದ್ದಂತೆ ಅಕ್ಬರಣ್ಣ ತೀರಿಕೊಂಡ. ನಾನು ಈಗಲೂ ಮಲಗುವುದು ಅವನು ಹೊಲಿದ ಹಾಸಿಗೆಯ ಮೇಲೆ. ಅವನ ಆ ಒಂದು ಗುಡ್ಡೆ ನಮ್ಮ ಬೀದಿಯ ಮೇಲೆ ಬಾಕಿಯೇ ಉಳಿಯಿತು.