ದಾನಿಯೇಲಮ್ಮನ ಹದಿಮೂರು ವರ್ಷ

ಚರ್ಚಿನ ಬೋಧಕರಾಗುವವರು ಓದುವ ಆ ಕಾಲೇಜಿನಲ್ಲಿ ಅವಳ ಹೆಸರು ಯಾರಿಗೂ ಬೇಕಿರಲಿಲ್ಲ. ಎದುರಿಗೆ ಮೇಡಂ, ಬೆನ್ನ ಹಿಂದೆ ದಾನಿಯೇಲಮ್ಮ. ಬೈಬಲ್ಲಿನಲ್ಲಿರುವ ಪ್ರವಾದಿ ದಾನಿಯೇಲನ ಪುಸ್ತಕ ಒಂದನ್ನೇ ಹಿಡಿದು ಆಯುಷ್ಯದ ಮುಕ್ಕಾಲು ಪಾಲು ಕಳೆದವಳಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು? ಅರ್ಧ ಹೀಬ್ರೂ, ಅರ್ಧ ಅರಾಮಿಕ್ ಭಾಷೆಯಲ್ಲಿರುವ ಆ ಸಣ್ಣ ಪುಸ್ತಕದಲ್ಲಿ ಸಮುದ್ರದಿಂದ ಎದ್ದುಬರುವ ನಾಲ್ಕು ಮೃಗಗಳಿವೆ. ಅವು ತನ್ನ ಹಿತ್ತಲಲ್ಲಿ ಸಾಕಿದವೇನೋ ಎನ್ನುವ ಸಲಿಗೆಯಲ್ಲಿ ಅವಳು ಮಾತಾಡುತ್ತಿದ್ದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಪುರುಸೊತ್ತಾಗ್ಲಿಲ್ಲ" ಎನ್ನುವಳು.

ಒಂದು ದುರ್ಗುಣವಿತ್ತು. ಯಾರಾದರೂ ತಪ್ಪು ಹೇಳಿದರೆ ತಿದ್ದದೆ ಇರಲು ಅವಳ ಕೈಲಾಗದು. ಸ್ವಂತ ಚಿಕ್ಕಪ್ಪನನ್ನು ಮಣ್ಣು ಮಾಡುವಾಗ, ಪ್ರಸಂಗ ಮಾಡುತ್ತಿದ್ದ ಬೋಧಕರು ಬಾಬೆಲಿನ ರಾಜನೊಬ್ಬನ ಹೆಸರು ತಪ್ಪು ಹೇಳಿದರೆಂದು ಅಲ್ಲಿಯೇ ಸರಿಪಡಿಸಿದ್ದಳು. ಚಿಕ್ಕಮ್ಮ ಅಳುವುದನ್ನು ನಿಲ್ಲಿಸಿ ಇವಳನ್ನೇ ನೋಡಿದ್ದರು.

ವರ್ಷವರ್ಷವೂ ಹೊಸ ವಿದ್ಯಾರ್ಥಿಗಳಿಗೆ ಅವಳು ಹೇಳುತ್ತಿದ್ದುದು ಇಷ್ಟೇ. ಈ ಪುಸ್ತಕ ನಮ್ಮ ಕಾಲದ ಪಂಚಾಂಗವಲ್ಲ. ಒಬ್ಬ ಕ್ರೂರ ರಾಜ ದೇವಾಲಯವನ್ನು ಹೊಲೆಗೆಡಿಸಿ, ನಂಬಿದವರನ್ನು ಕೊಲ್ಲಿಸುತ್ತಿದ್ದ ದಿನಗಳಲ್ಲಿ, ಹೆಸರು ಹೇಳದ ಯಾರೋ ಒಬ್ಬ ಹಳೆಯ ಪ್ರವಾದಿಯ ಬಾಯಲ್ಲಿ ಆಡಿಸಿದ ಮಾತು. ಅಲ್ಲಿನ ಲೆಕ್ಕಗಳೆಲ್ಲ ಆ ಜನಕ್ಕೆ ಹೇಳಿದ್ದು: ಸ್ವಲ್ಪ ತಾಳಿ, ಇವನ ಆಟ ಮುಗಿಯುತ್ತ ಬಂತು.

ಇಷ್ಟು ಸ್ಪಷ್ಟವಾಗಿ ಹೇಳಬಲ್ಲವಳ ಸ್ವಂತ ತಮ್ಮ ಅದೇ ಪುಸ್ತಕ ಹಿಡಿದು ಸಾಯಲು ಹೊರಟಿದ್ದ.

ತಮ್ಮನದು ಕಬ್ಬಿಣ ಕಡೆಯುವ ಲೇತ್ ಅಂಗಡಿ. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವನ ಮೂಗು ಒರೆಸಿ, ಶಾಲೆಗೆ ದಬ್ಬಿ ಬೆಳೆಸಿದವಳು ಇವಳೇ. ಬೆನ್ನುನೋವೆಂದು ಸ್ಕ್ಯಾನ್ ಮಾಡಿಸಿದಾಗ, ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಒಂದು ಕಡೆ ಊದಿಕೊಂಡಿರುವುದು ಗೊತ್ತಾಯಿತು. ಯಾವಾಗ ಬೇಕಾದರೂ ಒಡೆಯಬಹುದು, ಒಡೆದರೆ ಆಸ್ಪತ್ರೆಗೆ ತಲುಪುವುದೂ ಅನುಮಾನ, ಕೂಡಲೇ ಆಪರೇಷನ್ ಆಗಬೇಕು ಎಂದರು ಡಾಕ್ಟರು. ತಮ್ಮ ನಕ್ಕು ಎದ್ದು ಬಂದ. ಅವನು ಹೋಗುತ್ತಿದ್ದ ಪ್ರಾರ್ಥನಾ ಸಭೆಯ ಮುಖ್ಯಸ್ಥ, ಗೋಡೆ ತುಂಬ ಚಾರ್ಟ್ ನೇತುಹಾಕಿ ಪಾಠ ಹೇಳುವ ಕಾರಣಕ್ಕೆ ಎಲ್ಲರಿಗೂ ಚಾರ್ಟ್ ಅಣ್ಣ ಆದವನು, ಪಾಳುಬಿದ್ದ ಊರನ್ನು ಮತ್ತೆ ಕಟ್ಟುವ ಅಪ್ಪಣೆಯಿಂದ ಎಣಿಸಬೇಕೆಂದು ದಾನಿಯೇಲನ ಪುಸ್ತಕ ಹೇಳುವ ಎಪ್ಪತ್ತು ವಾರಗಳನ್ನು ಎಳೆದೂ ಜಗ್ಗಿಯೂ ಲೆಕ್ಕ ಹಾಕಿ, ಈ ವರ್ಷ ತಿರುಗುವುದರೊಳಗೆ ಲೋಕ ಮುಗಿಯುತ್ತದೆ ಎಂದು ಸಾರಿದ್ದ. ಮುಗಿಯುವ ಲೋಕದಲ್ಲಿ ಹೊಟ್ಟೆ ಯಾಕೆ ಕೊಯ್ಸಿಕೊಳ್ಳಬೇಕು?

ತಮ್ಮನ ಹೆಂಡತಿ ಕಾಲೇಜಿಗೇ ಬಂದಳು. "ಅತ್ತಿಗೆ, ಅವರು ಕೆಮ್ಮಿದ್ರೆ ನನ್ನ ಜೀವ ಬಾಯಿಗೆ ಬರುತ್ತೆ. ನಿಮ್ಮ ಪುಸ್ತಕ ಅದು. ನೀವೇ ಬಂದು ಬಿಡಿಸಿ."

ನಿಮ್ಮ ಪುಸ್ತಕ ಎಂಬ ಮಾತು ನೆಟ್ಟಗೆ ನಾಟಿತು.

ಅಂಗಡಿಗೆ ಹೋದಾಗ ತಮ್ಮ ಒಂದು ಶಾಫ್ಟನ್ನು ಲೇತಿಗೆ ಕಟ್ಟುತ್ತಿದ್ದ. ಕಬ್ಬಿಣದ ಚೂರು, ಎಣ್ಣೆಯ ವಾಸನೆ. ಅವನು ಭಾರದ ತುಂಡು ಎತ್ತಲು ಬಗ್ಗಿದ್ದನ್ನು ಕಂಡು ಅವಳು "ಬಿಡೋ, ಬಿಡೋ" ಎಂದು ಕೂಗಿದಳು. ಓಡಿಹೋಗಿ ತಾನೇ ಎತ್ತಿಕೊಟ್ಟಳು. ನಂತರ ಸ್ಟೂಲಿನ ಮೇಲೆ ಕುಳಿತು, ಕ್ಲಾಸಿನಲ್ಲಿ ಹೇಳುವುದನ್ನೆಲ್ಲ ಹೇಳಿದಳು. ರಾಜನ ಕಥೆ, ಮೃಗಗಳ ಕಥೆ, ಹೆದರಿದ ಜನದ ಕಥೆ. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ.

"ಅಂದ್ರೆ ಅದರಲ್ಲಿರೋ ಲೆಕ್ಕ ಸುಳ್ಳಾ?"

"ಸುಳ್ಳಲ್ಲ ಕಣೋ. ಧೈರ್ಯ ಹೇಳಿದ್ದು."

"ಧೈರ್ಯ ಬೇರೆ, ಲೆಕ್ಕ ಬೇರೆ ಅಕ್ಕ. ಕೂದಲೆಳೆ ಹೆಚ್ಚಾದ್ರೂ ಈ ಶಾಫ್ಟ್ ಬೇರಿಂಗ್ ಒಳಗೆ ಕೂರಲ್ಲ. ಧೈರ್ಯ ಹೇಳಿದ್ರೆ ಕೂರುತ್ತಾ? ದೇವರ ಪುಸ್ತಕ ಅದಕ್ಕಿಂತ ಕಡೆನಾ?"

ಅವಳಿಗೆ ರೇಗಿಹೋಯಿತು. "ಲೆಕ್ಕ ಲೆಕ್ಕ ಅಂತ ಕುಣೀತೀಯಲ್ಲ, ನಿಮ್ಮ ಚಾರ್ಟ್ ಅಣ್ಣನ ಲೆಕ್ಕನೇ ಸರಿಯಿಲ್ಲ. ಪಾರಸಿಯ ರಾಜನ ಆಳ್ವಿಕೆಯ ಏಳನೇ ವರ್ಷದ ಅಪ್ಪಣೆಯಿಂದ ಎಣಿಸಿದ್ದಾನೆ. ಅದು ದೇವಾಲಯದ ಕೆಲಸಕ್ಕೆ ಕೊಟ್ಟಿದ್ದು. ಊರಿನ ಗೋಡೆ ಕಟ್ಟೋಕೆ ಅಪ್ಪಣೆ ಸಿಕ್ಕಿದ್ದು ಇಪ್ಪತ್ತನೇ ವರ್ಷದಲ್ಲಿ. ಎಣಿಸೋದೇ ಆದ್ರೆ ಅಲ್ಲಿಂದ ಎಣಿಸ್ಬೇಕು."

ಬಾಯಿ ತಪ್ಪಿ ಬಂದ ಮಾತಲ್ಲ. ಹುಟ್ಟುಗುಣದಿಂದ ಬಂದದ್ದು.

ತಮ್ಮ ಲೇತ್ ಆಫ್ ಮಾಡಿದ. "ಹಾಗಾದ್ರೆ?"

"ಹಾಗಾದ್ರೆ ಏನು? ಕೊನೆ ದಿನ ಹದಿಮೂರು ವರ್ಷ ಆಚೆ ಹೋಗುತ್ತೆ."

ಅವನ ಮುಖ ಅರಳಿದ್ದನ್ನು ಕಂಡಮೇಲೆಯೇ ತಾನೇನು ಮಾಡಿದೆ ಎಂದು ಅವಳಿಗೆ ಹೊಳೆದದ್ದು. "ಹದಿಮೂರು ವರ್ಷ," ಎಂದು ಅವನು ಇನ್ನೊಮ್ಮೆ ಹೇಳಿಕೊಂಡ. "ಅಷ್ಟಿದ್ರೆ ಆಪರೇಷನ್ ಮಾಡಿಸ್ಬೇಕಾಗುತ್ತೆ. ನೀನು ಭಾನುವಾರ ಸಭೆಗೆ ಬಂದು ಇದನ್ನ ಎಲ್ಲರ ಮುಂದೆ ಹೇಳು. ಅಣ್ಣ ಒಪ್ಪಿದ್ರೆ ಸೋಮವಾರವೇ ಸೇರ್ತೀನಿ."

ಆ ವಾರ ಅವಳಿಗೆ ಅನ್ನ ರುಚಿಸಲಿಲ್ಲ. ಚಾರ್ಟ್ ಅಣ್ಣನ ಲೆಕ್ಕವೂ ತಪ್ಪು, ಈ ಹದಿಮೂರು ವರ್ಷವೂ ತಪ್ಪು. ಒಂದು ತಪ್ಪಿಗೆ ಇನ್ನೊಂದನ್ನು ಜೋಡಿಸಿ ವೇದಿಕೆ ಹತ್ತಬೇಕು. ಹತ್ತದಿದ್ದರೆ ತಮ್ಮನಿಲ್ಲ. ಫೋನ್ ರಿಂಗಾದಾಗಲೆಲ್ಲ ರಕ್ತನಾಳ ಒಡೆಯಿತೇ ಎಂದು ಎರಡನೇ ರಿಂಗಿಗೆ ಮೊದಲೇ ಎತ್ತುತ್ತಿದ್ದಳು. ಸತ್ಯ ದೊಡ್ಡದೋ ತಮ್ಮ ದೊಡ್ಡವನೋ ಎಂದು ಪರೀಕ್ಷೆಯ ಪ್ರಶ್ನೆ ಕೊಟ್ಟಿದ್ದರೆ ನಾಲ್ಕು ಪುಟ ಬರೆಯುತ್ತಿದ್ದಳು. ಇಲ್ಲಿ ಬರೆಯಲು ಜಾಗವೇ ಇರಲಿಲ್ಲ.

ಭಾನುವಾರ ಸಭೆ ಕಿಕ್ಕಿರಿದಿತ್ತು. ಪ್ಲಾಸ್ಟಿಕ್ ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ಅವಳು ಎದ್ದುನಿಂತು ಎರಡು ಅಪ್ಪಣೆಗಳ ವ್ಯತ್ಯಾಸ ಹೇಳಿದಳು. ಅದು ಸತ್ಯವೇ ಆಗಿದ್ದರಿಂದ ಸಲೀಸಾಗಿ ಬಂತು. ಚಾರ್ಟ್ ಅಣ್ಣ ಜಗಳಕ್ಕೆ ನಿಲ್ಲುವವನಂತೆ ಕಾಣಲಿಲ್ಲ. ವರ್ಷ ಮುಗಿಯುತ್ತ ಬಂದಂತೆ ಅವನಿಗೂ ಒಳಗೊಳಗೇ ಪುಕಪುಕ ಶುರುವಾಗಿತ್ತೋ ಏನೋ. ಆದರೆ ಆಸಾಮಿ ಪಕ್ಕಾ.

"ಅಮ್ಮ, ನೀವು ಕಾಲೇಜಲ್ಲಿ ಈ ಲೆಕ್ಕವೆಲ್ಲ ನಮ್ಮ ಕಾಲಕ್ಕಲ್ಲ ಅಂತ ಹೇಳ್ತೀರಂತೆ. ಈಗ ಎಲ್ಲರ ಮುಂದೆ ಹೇಳಿ. ಎಣಿಕೆ ನಮ್ಮ ಕಾಲಕ್ಕೇ ಬರುತ್ತೆ, ಎಲ್ಲಿಂದ ಶುರುಮಾಡ್ಬೇಕು ಅನ್ನೋದು ಮಾತ್ರ ನಾವು ತಪ್ಪಿದ್ವಿ. ಹೌದೋ ಅಲ್ವೋ?"

ಮೂರನೆಯ ಸಾಲಿನಲ್ಲಿ ತಮ್ಮ, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಸೆರಗು ಕಚ್ಚಿಕೊಂಡಿದ್ದಳು.

"ಹೌದು," ಎಂದಳು.

ಸುದ್ದಿಗೆ ಕಾಲು ಬೇಕೇ? ಸೋಮವಾರ ತಮ್ಮ ಆಸ್ಪತ್ರೆ ಸೇರಿದ. ಮಂಗಳವಾರ ಪ್ರಿನ್ಸಿಪಾಲರು ಅವಳನ್ನು ಕರೆಸಿದರು. ಒಂದು ಕಾಲದಲ್ಲಿ ಅವಳ ಕ್ಲಾಸಿನಲ್ಲೇ ಕುಳಿತು ಪಾಠ ಕೇಳಿದವರು. "ಇದು ನಿಜವಾ? ಇಲ್ಲ ಅನ್ನಿ ಮೇಡಂ, ಈಗಲೇ ಕಾಲೇಜಿನ ಕಡೆಯಿಂದ ಅಲ್ಲಗಳೆದು ನೋಟಿಸ್ ಹಾಕ್ತೀನಿ." ಆಪರೇಷನ್ ಬುಧವಾರಕ್ಕಿತ್ತು. ಅಲ್ಲಗಳೆದದ್ದು ತಮ್ಮನ ಕಿವಿಗೆ ಬಿದ್ದರೆ ಮಂಚ ಇಳಿದು ಮನೆಗೆ ನಡೆಯುತ್ತಾನೆ, ಅಂಥ ಹಟಮಾರಿ. "ನಾನು ಹೇಳಿದ್ದು ನಿಜ" ಎಂದಳು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ವರ್ಷದಿಂದ ಆ ಪಾಠ ಬೇರೆಯವರಿಗೆ ಹೋಗುತ್ತದೆ ಎಂದರು. ಅವಳು ತಲೆಯಾಡಿಸಿ ಹೊರಗೆ ಬಂದಳು. ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತು ಅತ್ತಳು.

ಆಪರೇಷನ್ ಮಧ್ಯಾಹ್ನದವರೆಗೂ ನಡೆಯಿತು. ಅತ್ತಿಗೆ ನಾದಿನಿಯರಿಬ್ಬರೂ ಒಂದೇ ಬೆಂಚಿನಲ್ಲಿ, ಒಬ್ಬರ ಕೈ ಒಬ್ಬರು ಬಿಡದೆ, ಬಾಗಿಲನ್ನೇ ನೋಡುತ್ತ ಕುಳಿತರು. ಡಾಕ್ಟರು ಹೊರಗೆ ಬಂದು, ನಾಳದ ಗೋಡೆ ಕಾಗದದಷ್ಟು ತೆಳ್ಳಗಾಗಿತ್ತು, ಇನ್ನೊಂದು ವಾರ ತಡೆಯುತ್ತಿರಲಿಲ್ಲ, ಈಗ ಪರವಾಗಿಲ್ಲ ಎಂದಾಗ, ದಾನಿಯೇಲಮ್ಮ ನಾದಿನಿಯ ಸೆರಗಿನಲ್ಲೇ ಮುಖ ಒರೆಸಿಕೊಂಡಳು.

ತಮ್ಮ ಎದ್ದು ಕುಳಿತು ಗಂಜಿ ಕುಡಿಯುವಂತಾದ ದಿನ, ಅವಳಿಗೆ ತಡೆಯಲಾಗಲಿಲ್ಲ. ವಾರ್ಡಿನಲ್ಲಿ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿಬಿಟ್ಟಳು. "ಹದಿಮೂರು ವರ್ಷ ಅಂದಿದ್ದು ಸುಳ್ಳು ಕಣೋ. ಅಂಗಡೀಲಿ ಮೊದಲು ಹೇಳಿದ್ನಲ್ಲ, ಅದೇ ನಿಜ. ನೀನು ಉಳೀಲಿ ಅಂತ ಹಾಗಂದೆ."

ಅವನು ಗಂಜಿಯ ಲೋಟ ಕೆಳಗಿಟ್ಟ. ಪಕ್ಕದ ಮಂಚದವನಿಗೆ ನರ್ಸ್ ಬಂದು ಮಾತ್ರೆ ಕೊಟ್ಟು ಹೋದಳು. ಬೈಯಲಿ, ಮುಖ ತಿರುಗಿಸಲಿ, ಇನ್ನು ಅಕ್ಕನೇ ಅಲ್ಲ ಎನ್ನಲಿ ಎಂದು ಅವಳು ಎಲ್ಲದಕ್ಕೂ ಸಿದ್ಧಳಾಗಿ ಕುಳಿತಳು.

"ಆ ಪುಸ್ತಕ ಬರೆದೋನು," ಎಂದ ಕೊನೆಗೆ, "ಸ್ವಲ್ಪ ತಾಳಿ ಅಂತ ಅಷ್ಟು ಜನಕ್ಕೆ ಹೇಳಿದ್ನಲ್ಲ. ಆಮೇಲೆ ಬಂದು ನಿಜ ಹೇಳಿದ್ನಾ?"

"ಗೊತ್ತಿಲ್ಲ. ಅವನು ಯಾರು ಅಂತಾನೇ ಗೊತ್ತಿಲ್ಲ."

"ಹೇಳಿರಲ್ಲ ಬಿಡು. ನೀನೂ ಹೇಳಬಾರದಿತ್ತು ಅಕ್ಕ. ಹದಿಮೂರು ವರ್ಷ ಇದೆ ಅಂತ ನೆಮ್ಮದಿಯಾಗಿ ಮಲಗಿದ್ದೆ." ಅವನ ಕಣ್ಣು ತುಂಬಿತ್ತು. ಹೊಲಿಗೆ ನೋಯದಂತೆ ಮೆಲ್ಲಗೆ ಅವಳ ಕಡೆ ಹೊರಳಿ, ಚಿಕ್ಕಂದಿನಲ್ಲಿ ಅಮ್ಮ ಎಲ್ಲಿ ಎಂದು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದ:

"ಇನ್ನೆಷ್ಟು ದಿನ ಅಂತ ಈಗ ನಾನು ಯಾರನ್ನ ಕೇಳ್ಲಿ?"

ಆಯುಷ್ಯವೆಲ್ಲ ಆ ಪುಸ್ತಕ ಓದಿದವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಅವನ ಕೈ ಹಿಡಿದುಕೊಂಡು ಕುಳಿತಳು.