ಪೈಪು ಬಿಚ್ಚಿದ ಮೇಲೂ ಓಡಿದ ಗಾಡಿ

ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದವನು ನಾನು. ನಿಂಬೆಹಣ್ಣು ಕಟ್ಟಿದ ಮಾತ್ರಕ್ಕೆ ಗಾಡಿ ಓಡುವುದಿಲ್ಲ. ಡೀಸೆಲ್ ಹೋದರೆ ಓಡುತ್ತದೆ, ಹೋಗದಿದ್ದರೆ ನಿಲ್ಲುತ್ತದೆ. ಈಗಲೂ ನನ್ನ ನಂಬಿಕೆ ಇಷ್ಟೇ. ಆದರೂ ಆ ಒಂದು ದಿನ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ನೆನೆದರೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ.

ತೊಂಬತ್ತರ ದಶಕದ ಕೊನೆ. ತಗಡೂರಿನ ಹತ್ತಿರದ ನಮ್ಮೂರಿನಲ್ಲಿ ಇದ್ದದ್ದು ನನ್ನದೊಂದೇ ಪಿಕಪ್. ತಿ. ನರಸೀಪುರದ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರಿಂದ ಕೊಂಡ ಹಳೆಯ ಡೀಸೆಲ್ ಗಾಡಿ. ಒಂದು ವರ್ಷ ಚೆನ್ನಾಗೇ ಓಡಿತು. ಆಮೇಲೆ ಓಡುತ್ತ ಓಡುತ್ತಲೇ ಉಸಿರುಕಟ್ಟಿದಂತೆ ಜಗ್ಗಿ ನಿಂತುಬಿಡುವ ಚಾಳಿ ಶುರುವಾಯಿತು. ಡೀಸೆಲ್ ಫಿಲ್ಟರ್ ಬದಲಾಯಿಸಿದೆ. ಟ್ಯಾಂಕಿನಿಂದ ಬರುವ ಪೈಪು ಬಿರುಕು ಬಿಟ್ಟು ಗಾಳಿ ಎಳೆಯುತ್ತಿರಬಹುದೆಂದು ಹೊಸದು ಹಾಕಿಸಿದೆ. ಟ್ಯಾಂಕನ್ನೇ ಇಳಿಸಿ ತೊಳೆಸಿದೆ. ಹದಿನೈದು ದಿನಕ್ಕೆ ಮತ್ತೆ ಅದೇ ಗೋಳು. ಕೊನೆಗೊಮ್ಮೆ ನಂಜನಗೂಡಿನ ನನ್ನ ಮೆಕ್ಯಾನಿಕ್ ಫಿಲ್ಟರಿನ ತಳದಲ್ಲಿದ್ದದ್ದನ್ನು ಗಾಜಿನ ಲೋಟಕ್ಕೆ ಬಸಿದು ನನ್ನ ಮುಖದ ಮುಂದೆ ಹಿಡಿದ. ಅರ್ಧಕ್ಕರ್ಧ ನೀರು.

"ಇದು ಗಾಡಿ ಕಾಯ್ಲೆ ಅಲ್ಲ ಸಾ. ಯಾರೋ ಟ್ಯಾಂಕಿಗೆ ನೀರು ಉಯ್ತಾವ್ರೆ."

ಯಾರೆಂದು ನನಗೆ ಕೂಡಲೇ ಹೊಳೆಯಿತು. ಪಕ್ಕದ ಮನೆಯ ಸಿದ್ದರಾಜು. ಹಿಂದೊಮ್ಮೆ ಗಾಡಿ ತಿರುಗಿಸುವಾಗ ಅವನ ಕೊಟ್ಟಿಗೆಯ ಮೂಲೆಗೋಡೆ ಬಿದ್ದಿತ್ತು. ಮರುದಿನವೇ ನಿಂತು ಕಟ್ಟಿಸಿಕೊಟ್ಟಿದ್ದೆ. ಆದರೂ ಅವನು ಮಾತು ಬಿಟ್ಟಿದ್ದ, ನನ್ನ ಗಾಡಿ ಕಂಡರೆ ಉಗುಳುತ್ತಿದ್ದ. ಕಣ್ಣಾರೆ ಕಂಡಿರಲಿಲ್ಲವಾದ್ದರಿಂದ ಕೈ ಮಾಡದೆ ಹಲ್ಲು ಕಚ್ಚಿಕೊಂಡಿದ್ದೆ. ಟ್ಯಾಂಕಿಗೆ ಬೀಗದ ಮುಚ್ಚಳ ತರಬೇಕೆಂದುಕೊಂಡ ವಾರದಲ್ಲೇ ಅದು ನಡೆಯಿತು.

ಬೆಳಗ್ಗೆ ಹತ್ತು ಗಂಟೆಯಿರಬೇಕು. ಸಿದ್ದರಾಜುವಿನ ಹೆಂಡತಿ ರತ್ನಮ್ಮ ಓಡಿಬಂದು ನನ್ನ ಬಾಗಿಲಲ್ಲಿ ನಿಂತಳು.

"ಅಣ್ಣಾ, ಇವ್ರಿಗೆ ಗದ್ದೇಲಿ ಆವು ಕಚ್ಬುಡ್ತು ಕಣಣ್ಣ. ನಂಜನಗೂಡು ಆಸ್ಪತ್ರೆಗೆ ಬುಟ್ಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಬೇರೆ ಗಾಡಿ ಇರಲಿಲ್ಲ. ಇಬ್ಬರನ್ನೂ ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಹೊರಟೆ. ಬದನವಾಳು ದಾಟಿ ಒಂದಿಷ್ಟು ದೂರ ಹೋಗಿದ್ದೆವು, ಎಂಜಿನ್ ಜಗ್ಗಿ ಜಗ್ಗಿ ನಿಂತಿತು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಇಳಿದು ಬಾನೆಟ್ ಎತ್ತಿದೆ. ಸೇರಿಕೊಂಡ ಗಾಳಿ, ನೀರು ಹೊರಹೋಗಲೆಂದು ಫಿಲ್ಟರಿನಿಂದ ಎಂಜಿನ್ನಿಗೆ ಡೀಸೆಲ್ ಒಯ್ಯುವ ಪೈಪಿನ ಬೋಲ್ಟು ಬಿಚ್ಚಿ, ಅಂಗಿಯ ಜೇಬಿಗೆ ಹಾಕಿಕೊಂಡು, ಫಿಲ್ಟರಿನ ಮೇಲಿರುವ ಕೈಪಂಪು ಒತ್ತತೊಡಗಿದೆ. ಬಂದದ್ದೆಲ್ಲ ನೀರೇ.

ಆಗ ಸಿದ್ದರಾಜು ಕಿಟಕಿಯಿಂದ ತಲೆ ಹಾಕಿದ. ರೆಪ್ಪೆಗಳು ಜೋತುಬೀಳುತ್ತಿದ್ದವು, ನಾಲಿಗೆ ತೊದಲುತ್ತಿತ್ತು.

"ಅಣ್ಣ... ನೀರು ಉಯ್ದೋನು ನಾನೇ ಕಣಣ್ಣ. ನೆನ್ನೆನೂ ಉಯ್ದೆ."

ರತ್ನಮ್ಮ ಅಳಲಿಲ್ಲ. ವಿಷವೇರುತ್ತಿದ್ದ ಗಂಡನ ಕೆನ್ನೆಗೆ ಒಂದು ಬಾರಿಸಿ, "ಥೂ ನಿನ್ನ ಜನ್ಮಕ್ಕೆ!" ಅಂದಳು. ನನಗೆ ನೆತ್ತಿಯವರೆಗೆ ಉರಿ ಹತ್ತಿತು. "ಸಾಯಿ ಅತ್ಲಾಗೆ! ನೀನುಯ್ದ ನೀರಿಗೆ ನೀನೇ ಸಾಯಿ!" ಎಂದು ಅರಚಿ, ಸ್ಪ್ಯಾನರನ್ನು ಹೊಲಕ್ಕೆ ಬಿಸಾಡಿ, ನಾಲ್ಕು ಮಾರು ಆಚೆ ಇದ್ದ ಹುಣಸೆಮರದ ಕೆಳಗೆ ಹೋಗಿ ಗಾಡಿಗೆ ಬೆನ್ನು ಹಾಕಿ ಕೂತೆ. ನಿಜ ಹೇಳುತ್ತೇನೆ, ಏಳುವ ಮನಸ್ಸು ನನಗಿರಲಿಲ್ಲ.

ಎಷ್ಟು ಹೊತ್ತೋ ಗೊತ್ತಿಲ್ಲ. ಎಂಜಿನ್ ಸ್ಟಾರ್ಟ್ ಆದ ಸದ್ದು ಕೇಳಿಸಿತು. ಕೀ ಗಾಡಿಯಲ್ಲೇ ಇತ್ತು, ರತ್ನಮ್ಮ ತಿರುಗಿಸಿರಬೇಕು ಅಂದುಕೊಂಡೆ. ಓಡಿಹೋಗಿ ಬಾನೆಟ್ ಬಡಿದು ಮುಚ್ಚಿ ಹತ್ತಿ ಕೂತೆ. ಆಸ್ಪತ್ರೆಯವರೆಗೆ ಗಾಡಿ ಒಂದು ಸಲವೂ ಜಗ್ಗಲಿಲ್ಲ.

ಅವನನ್ನು ಒಳಗೆ ಸಾಗಿಸಿದ ಮೇಲೆ ಬೀಡಿಗೆಂದು ಜೇಬಿಗೆ ಕೈ ಹಾಕಿದೆ. ಬೋಲ್ಟು ಸಿಕ್ಕಿತು. ಓಡಿಬಂದು ಬಾನೆಟ್ ಎತ್ತಿದರೆ ಪೈಪು ಬಿಚ್ಚಿದ್ದ ಹಾಗೇ ನೇತಾಡುತ್ತಿತ್ತು, ತುದಿ ಒಣಗಿ ಧೂಳು ಹಿಡಿದಿತ್ತು. ಮತ್ತೆ ಸ್ಟಾರ್ಟ್ ಮಾಡಿ ನೋಡಿದೆ, ಆಗಲಿಲ್ಲ. ಮೆಕ್ಯಾನಿಕ್ಕನ್ನು ಕರೆತಂದು ತೋರಿಸಿದೆ. "ಪಂಪಲ್ಲಿ ಉಳಿದಿರೋ ಡೀಸೆಲ್‌ಗೆ ಒಂದು ಫರ್ಲಾಂಗು ಓಡ್ಬೋದು ಸಾ. ಬದನವಾಳಿಂದ ಅಂತ ಸುಳ್ಳು ಯೋಳ್ಬೇಡಿ," ಅಂದ. ಎಂಜಿನ್ ಆಯಿಲನ್ನೇ ಕುಡಿದು ಓಡಿತೇ ಎಂದು ಅದನ್ನೂ ನೋಡಿದೆವು. ಆಯಿಲು ಗೆರೆಯವರೆಗೆ ಇತ್ತು.

ಸಿದ್ದರಾಜು ಬದುಕಿದ. ವಾರದ ಮೇಲೆ ನನ್ನ ಕಾಲು ಹಿಡಿಯಲು ಬಂದಾಗ ಮುಖಕ್ಕೇ ಬಾಗಿಲು ಹಾಕಿದೆ. ಊರವರು ನನ್ನನ್ನು ದೇವರಂಥವನು ಅಂದರು. ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಆ ಸದ್ದು ಕೇಳಿಸದಿದ್ದರೆ ನಾನು ಮರದಡಿಯಿಂದ ಏಳುತ್ತಿದ್ದೆನೇ? ನನಗೆ ಗೊತ್ತಿಲ್ಲ.

ಎಷ್ಟೋ ವರ್ಷಗಳ ಮೇಲೆ ಒಮ್ಮೆ ರತ್ನಮ್ಮ ಹುಲ್ಲಹಳ್ಳಿಯ ಬಸ್ಸಿನಲ್ಲಿ ಒಬ್ಬಳೇ ಸಿಕ್ಕಳು. "ಅವತ್ತು ಕೀ ತಿರುಗಿಸಿದ್ದು ನೀನೇ ತಾನೇ?" ಎಂದು ಕೇಳಿಯೇಬಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿದಳು. "ನಾನ್ಯಾಕೆ ತಿರುಗಿಸ್ಲಣ್ಣ? ನೀವು ಬೈಕೊಂಡು ಅತ್ಲಾಗೆ ಓದ್ರಿ. ಒಂದು ಗಳಿಗೆಗೆ ತಿರ್ಗಾ ಬಂದು ಕುಂತು ಸ್ಟಾರ್ಟ್ ಮಾಡಿ, ಬಾನೆಟ್ ಮುಚ್ಚೋಕೆ ಇಳುದ್ರಲ್ಲ?"

ನಾನು ಆಗ ಹುಣಸೆಮರದ ಕೆಳಗೆ ಕೂತಿದ್ದೆ, ಅವಳ ಗಂಡ ಸಾಯಲಿ ಎಂದು. ಅವಳಿಗೆ ಅದನ್ನು ಹೇಳುವ ಧೈರ್ಯ ಇವತ್ತಿಗೂ ನನಗೆ ಬಂದಿಲ್ಲ.