ಯಾರು ಕರೆದರೂ ಓಗೊಡಬೇಡ

ನನ್ನ ಮೈದುನ ಹೆಣ್ಣು ನೋಡಲು ಹೋಗುವಾಗಲೂ ಅಷ್ಟು ತಯಾರಿ ಮಾಡಿಕೊಂಡವನಲ್ಲ. ಅದಕ್ಕೇ ನಲವತ್ತು ದಾಟಿದರೂ ಒಂಟಿ. ಆದರೆ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಟೆಂಟು ಹೊತ್ತು ಎರಡು ದಿನ ಹೊರಗೆ ಹೋಗುವ ಪ್ರವಾಸವೆಂದರೆ ಸಾಕು, ತಿಂಗಳ ಮುಂಚಿನಿಂದಲೇ ಅವನಿಗೆ ನಿದ್ದೆ ಇಲ್ಲ. ಮಕ್ಕಳಿಗೆ ಆಟ ಹೂಡುವ ಜವಾಬ್ದಾರಿ ಅವನದು. ಬರೀ ಓಡುವ, ಕುಂಟುವ ಆಟ ಅವನಿಗೆ ಸಾಲದು. ತಂಡ ಆಗಬೇಕು, ತಂಡಕ್ಕೊಬ್ಬ ನಾಯಕ ಬೇಕು, ಸೋತವರು ರಾತ್ರಿ ಪಾತ್ರೆ ತೊಳೆಯಬೇಕು. ಕೆಲಸ ಮುಗಿಸಿ ಗ್ರೀಸು ಮೆತ್ತಿದ ಕೈಯಲ್ಲೇ ನಮ್ಮ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆಯುತ್ತಿದ್ದ. "ಅತ್ತಿಗೆ, ತುಳೀಬೇಡಿ, ಅದು ಸೇತುವೆ" ಎನ್ನುತ್ತಿದ್ದ. ನನ್ನದೇ ಒಲೆಯ ಹತ್ತಿರ ಹೋಗಲು ನಾನು ಅವನ ಅಪ್ಪಣೆ ಕೇಳಬೇಕಿತ್ತು.

ಅವನ ಕೆಲಸ ಲಿಫ್ಟ್ ರಿಪೇರಿ. ಬಲಗೈಯಲ್ಲಿ ಎರಡು ಬೆರಳಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಹಳೆಯ ಕಟ್ಟಡದಲ್ಲಿ ಕೆಳಗಿನ ಗುಂಡಿಗೆ ಇಳಿದು ಕೆಲಸ ಮಾಡುತ್ತಿದ್ದನಂತೆ. ಮೇಲೆ ಸ್ವಿಚ್ಚಿನ ಹತ್ತಿರ ನಿಂತಿದ್ದ ಜೊತೆಗಾರ "ಆಯ್ತಾ?" ಎಂದು ಕೂಗಿದ. ಮೂರನೇ ಮಹಡಿಯ ಯಾವಳೋ ತಾಯಿ ತನ್ನ ಮಗನಿಗೆ "ಹ್ಞೂಂ, ಆಯ್ತು" ಎಂದಳು. ಜೊತೆಗಾರ ಸ್ವಿಚ್ಚು ಒತ್ತಿದ. ಅಂದಿನಿಂದ ನನ್ನ ಮೈದುನ ದನಿಯನ್ನು ನಂಬುವುದಿಲ್ಲ. ಬೆಳಿಗ್ಗೆ ಜೊತೆಗಾರನೊಂದಿಗೆ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳುತ್ತಾನೆ. ಆ ಮಾತು ಕಿವಿಗೆ ಬೀಳದೆ, ಕಟ್ಟಡದ ಯಜಮಾನನೇ ಬಂದು ಬಾಯಿ ಬಡಿದುಕೊಂಡರೂ ಕದಲುವುದಿಲ್ಲ. ಸ್ವಿಚ್ಚು ಆರಿಸಿದವನೇ ಹಾಕಬೇಕು, ಬೇರೆಯವರು ಮುಟ್ಟಕೂಡದು, ಇದು ಅವನ ಇನ್ನೊಂದು ಕಟ್ಟಳೆ. ಒಳ್ಳೆಯದೇ. ಉಳಿದ ಎಂಟು ಬೆರಳು ಇನ್ನೂ ಇವೆ.

ಈ ಸಲ ಅದನ್ನೇ ಮಕ್ಕಳ ಆಟ ಮಾಡಿಬಿಟ್ಟ. ನಾದಿನಿಯ ಅವಳಿ ಹೆಣ್ಣುಮಕ್ಕಳದು ಒಂದು ತಂಡ. ಅವಳ ಹಿರಿಮಗ, ಹನ್ನೊಂದು ವರ್ಷದವನು, ಮತ್ತು ನನ್ನ ಮಗಳು ಪುಟ್ಟಿ ಇನ್ನೊಂದು ತಂಡ. ತಂಡದಲ್ಲಿ ಒಬ್ಬರು ಬಾವುಟ ಹಿಡಿದು ಅಡಗಿಕೊಳ್ಳಬೇಕು. ಎದುರು ತಂಡ ಹುಡುಕಬಹುದು, ಕರೆಯಬಹುದು, ಸುಳ್ಳು ಹೇಳಿ ಹೊರಗೆ ಎಳೆಯಬಹುದು. ಅಡಗಿದವರು ತಮ್ಮ ನಾಯಕ ಗುಟ್ಟಿನ ಮಾತು ಕೂಗುವ ತನಕ ತುಟಿ ಬಿಚ್ಚಬಾರದು. ಆ ಮಾತು ಏನೆಂದು ಆಟ ಹೂಡಿದ ಅವನಿಗೂ ಹೇಳಬಾರದು.

"ಅಮ್ಮ ಕರೆದ್ರೆ?" ಎಂದು ಪುಟ್ಟಿ ಕೇಳಿದಳು.

"ಅಮ್ಮನೇ ಮೊದಲನೇ ಮೋಸಗಾರ್ತಿ. ಅಮ್ಮ ಕರೀತಾಳೆ, ಅಪ್ಪ ಕರೀತಾನೆ, ನಾನೂ ಕರೀತೀನಿ. ಬೇಕಾದ್ರೆ ಅಳ್ತೀವಿ. ಯಾರು ಕರೆದ್ರೂ ಓಗೊಡಬೇಡ" ಎಂದ. ಏಳು ವರ್ಷದ ನನ್ನ ಮಗಳು ಪರೀಕ್ಷೆಗೆ ಓದುವವಳ ಹಾಗೆ ಅದನ್ನು ಬಾಯಲ್ಲೇ ಗುನುಗಿಕೊಂಡಳು. ನಾನು ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಾ ನಗುತ್ತಿದ್ದೆ.

ನಾವು ಟೆಂಟು ಹಾಕಿದ್ದು ಒಂದು ಹೊಳೆಯ ದಂಡೆಯಲ್ಲಿ. ಹೊಳೆಯೆಂದರೆ ಬರೀ ಉರುಟು ಕಲ್ಲು, ಮರಳು, ನಡುವೆ ಕಾಲು ತೋಯುವಷ್ಟು ನೀರು. ಮೇಲೆ ಎಲ್ಲೋ ಅಣೆಕಟ್ಟು ಇದೆಯೆಂದು ಗೊತ್ತಿತ್ತು. ಮೈದುನ ವಾರದ ಮುಂಚೆ ಒಬ್ಬನೇ ಬಂದು ಜಾಗ ಪರೀಕ್ಷಿಸಿದ್ದ. ಹಾವಿನ ಹುತ್ತ ನೋಡಿದ್ದ, ಮುಳ್ಳು ಕಿತ್ತಿದ್ದ, ಹಗ್ಗ ಕಟ್ಟುವ ಮರಗಳನ್ನು ಜಗ್ಗಿ ನೋಡಿದ್ದ. ನೀರು ಯಾವಾಗ ಬಿಡುತ್ತಾರೆಂದು ಕೇಳಲು ಆ ದಿನ ಅಲ್ಲಿ ಯಾರೂ ಇರಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಮಧ್ಯಾಹ್ನದ ಆಟದಲ್ಲಿ ಅವಳಿಗಳ ಬಾವುಟ ಬೇಗ ಸಿಕ್ಕಿತು. ಅದನ್ನು ಎತ್ತಿ ಹಿಡಿದು ಓಡಿಬಂದ ಹುಡುಗ ಪಾಚಿಕಲ್ಲಿನ ಮೇಲೆ ಜಾರಿ ಮುಖ ಅಡಿಯಾಗಿ ಬಿದ್ದ. ಗದ್ದ ಸೀಳಿ ಅಂಗಿಯೆಲ್ಲ ರಕ್ತ. ನಾದಿನಿ ಕಿರುಚಿದಳು, ಅವಳ ಗಂಡ ಕಾರು ತೆಗೆದ, ನಾನು ಟವೆಲ್ ಹುಡುಕಿದೆ. ಮೂವರೂ ಪೇಟೆಯ ಆಸ್ಪತ್ರೆಗೆ ಹೋದರು. ನಾನು ಅವಳಿಗಳನ್ನು ಸಮಾಧಾನ ಮಾಡಿ, ರಕ್ತದ ಬಟ್ಟೆ ನೆನೆಹಾಕಿ, ದೊಡ್ಡವರಿಗೆ ಚಹಾ, ಮಕ್ಕಳಿಗೆ ಹಾಲು ಕಾಯಿಸಿದೆ. ಲೋಟ ಹಂಚುವಾಗ ಒಂದು ಲೋಟ ಹಾಲು ಉಳಿಯಿತು.

"ಪುಟ್ಟಿ ಎಲ್ರೀ?" ಎಂದು ನನ್ನ ಗಂಡನನ್ನು ಕೇಳಿದೆ.

"ನಿನ್ನ ಹತ್ರ ಇದಾಳೆ ಅಂದ್ಕೊಂಡೆ."

ನಾನು ಅವರ ಹತ್ತಿರ ಇದ್ದಾಳೆ ಅಂದುಕೊಂಡಿದ್ದೆ. ಮೊದಮೊದಲು ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ದಂಡೆಗೆ ಹೋಗಿ ಗಟ್ಟಿಯಾಗಿ ಕರೆದೆ. ಮೈದುನನೂ ಬಂದು ಕರೆದ. "ಪುಟ್ಟೀ, ಆಟ ಮುಗೀತು, ಬಾರೇ!" ಎಂದು ಕೂಗಿದವನು ತನ್ನ ಮಾತು ತನಗೇ ಕೇಳಿಸಿದಂತೆ ನಿಂತುಬಿಟ್ಟ.

ಅದೇ ಹೊತ್ತಿಗೆ ಅಣೆಕಟ್ಟಿನ ಕಾವಲುಗಾರ ಕೈಮೈಕು ಹಿಡಿದು ಸೈಕಲ್ಲಿನಲ್ಲಿ ಬಂದ. "ಹೊಳೇಲಿ ಯಾರೂ ಇರಬೇಡಿ, ನೀರು ಬಿಟ್ಟಿದಾರೆ" ಎಂದು ಮೈಕಿನಲ್ಲಿ ಹೇಳುತ್ತಾ ಬಂದವನು ನಮ್ಮ ಮುಖ ನೋಡಿ ಮೈಕು ಇಳಿಸಿದ. ಮಗು ಕೆಳಗೆ ಎಲ್ಲೋ ಅಡಗಿದೆ ಎಂದಾಗ ತಕ್ಷಣ ಮೇಲಿನವರಿಗೆ ಫೋನು ಹಚ್ಚಿದ. ಆಮೇಲೆ ನನ್ನ ಕಡೆ ನೋಡದೆ ನನ್ನ ಗಂಡನಿಗೆ ಹೇಳಿದ: "ಗೇಟು ಮುಚ್ಚಿಸ್ತಾರೆ ಸಾರ್. ಆದ್ರೆ ಆಗ್ಲೇ ಹೊರಟ ನೀರು ಹೊರಟಾಯ್ತು. ಇಲ್ಲಿಗೆ ಬಂದೇ ಬರತ್ತೆ. ಬೇಗ ಹುಡುಕಿ."

ನನ್ನ ಗಂಡ ಮೇಲ್ಗಡೆಗೆ ಓಡಿದರು, ಕಾವಲುಗಾರ ಕೆಳಗಡೆಗೆ. ನಾನು ಕಲ್ಲಿನಿಂದ ಕಲ್ಲಿಗೆ ಹಾರುತ್ತಾ, ಬೀಳುತ್ತಾ, ಮಗಳ ಹೆಸರು ಹಿಡಿದು ಅರಚಿದೆ. ಮುದ್ದು ಮಾಡಿ ಕರೆದೆ, ಹೊಡೆಯುತ್ತೇನೆಂದು ಹೆದರಿಸಿದೆ, ಕೊನೆಗೆ ಮರಳಿನ ಮೇಲೆ ಕುಸಿದು ಬೋರಾಡಿ ಅತ್ತೆ. ಯಾವ ತಾಯಿ ಕೂಗಿದರೂ ಮಗು ಬರಬೇಕು. ನನ್ನದು ಬರಲಿಲ್ಲ. ಹೊಳೆಯ ಎರಡೂ ಬದಿಯಲ್ಲಿ ಪೊದೆ, ಬಂಡೆ, ಕೊರಕಲು. ಅಂಗೈಯಗಲದ ಜಾಗದಲ್ಲೂ ಮುದುರಿ ಕೂರುವ ಮಗು ಅದು. ನನಗೆ ಮೈದುನನ ಕತ್ತು ಹಿಸುಕಬೇಕೆನಿಸಿತು.

ಅವನು ಅಷ್ಟರಲ್ಲಿ ಆಸ್ಪತ್ರೆಗೆ ಫೋನು ಮಾಡಿದ್ದ. ಹುಡುಗನ ಗದ್ದಕ್ಕೆ ಹೊಲಿಗೆ ಹಾಕಿ ಆಗಿತ್ತು. ನಾನು ಓಡಿಬಂದು ಪಕ್ಕದಲ್ಲಿ ನಿಂತೆ.

"ನಿಮ್ಮ ಗುಟ್ಟಿನ ಮಾತು ಏನೋ? ಬೇಗ ಹೇಳು" ಎಂದು ಅವನು ಹುಡುಗನನ್ನು ಕೇಳುತ್ತಿದ್ದ.

"ಹೇಳಲ್ಲ ಮಾವ" ಎಂದಿತು ಫೋನು. ಹುಡುಗನ ದನಿ ದಪ್ಪಗಾಗಿದ್ದರೂ ಅದರೊಳಗೆ ನಗು ಇತ್ತು. "ನಿನಗೂ ಹೇಳಬಾರದು ಅಂತ ನೀನೇ ಹೇಳಿದ್ದೆ."

"ಆಟ ಅಲ್ವೋ, ದಮ್ಮಯ್ಯ. ಪುಟ್ಟಿ ಸಿಕ್ತಿಲ್ಲ."

"ನೀನು ಅಳೋ ಥರ ಚೆನ್ನಾಗಿ ಮಾಡ್ತೀಯ."

ನಾನು ಫೋನು ಕಿತ್ತುಕೊಂಡೆ. "ಕಂದಾ, ಅತ್ತೆ ಮಾತಾಡ್ತಿದೀನಿ. ಹೇಳಪ್ಪಾ, ಕೈ ಮುಗೀತೀನಿ."

"ಅತ್ತೇ, ಮಾವನೇ ನಿಮ್ಮನ್ನ ಕಳಿಸಿರ್ತಾನೆ. ಅಮ್ಮಂದಿರನ್ನ ನಂಬಲೇಬೇಡಿ ಅಂದಿದಾನೆ." ಹಿಂದಿನಿಂದ ಅವನಪ್ಪ ಗದರುವುದು ಕೇಳಿಸಿತು, ನಾದಿನಿ ಬೇಡಿಕೊಳ್ಳುವುದೂ. ಎಲ್ಲರೂ ಒಟ್ಟಾಗಿ ಕೇಳಿದಷ್ಟೂ ಹುಡುಗನಿಗೆ ಅನುಮಾನ ಗಟ್ಟಿಯಾಗುತ್ತಿತ್ತು. ಮೇಲ್ಗಡೆಯಿಂದ ಗುಂಯ್ ಎನ್ನುವ ಸದ್ದು ಬರತೊಡಗಿತ್ತು. ಗಾಳಿಯೆಂದು ನಂಬಲು ನೋಡಿದೆ; ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಮೈದುನ ನನ್ನ ಕೈಯಿಂದ ಫೋನು ತೆಗೆದುಕೊಂಡ. ಗುಂಡಿಯೊಳಗಿನಿಂದ ಮಾತಾಡುವಾಗ ಹೀಗೇ ಮಾತಾಡುತ್ತಾನೇನೋ, ದನಿ ತಣ್ಣಗಿತ್ತು.

"ಸರಿ. ನನಗೆ ಹೇಳಬೇಡ. ಯಾರಿಗೂ ಹೇಳಬೇಡ. ಅವಳನ್ನ ಕೂರಿಸಿದವನು ನೀನು, ಎಬ್ಬಿಸಬೇಕಾದವನೂ ನೀನೇ. ಫೋನನ್ನ ಮೈಕಿಗೆ ಹಿಡೀತೀನಿ. ನೀನು ಕೂಗಿದ್ರೆ ಹೊಳೆಗೆಲ್ಲಾ ಕೇಳತ್ತೆ. ಹೊಳೇಲಿ ನೀರು ಬರ್ತಿದೆ. ನಾಯಕ ನೀನು, ಕೂಗೋದು ಬಿಡೋದು ನಿನ್ನಿಷ್ಟ."

ಕಾವಲುಗಾರನನ್ನು ಕೂಗಿ ಕರೆದು ಮೈಕು ಕಸಿದುಕೊಂಡ. ಮೂರೇ ಬೆರಳಿನ ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಫೋನು. ಒಂದು ಕ್ಷಣ ಕೊರ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ನನ್ನ ಸೆರಗನ್ನು ಹಲ್ಲಲ್ಲಿ ಕಚ್ಚಿ ನಿಂತಿದ್ದೆ. ಆಮೇಲೆ ಆ ಬಯಲಿನ ತುಂಬ ಹುಡುಗನ ದನಿ ಮೊಳಗಿತು:

"ಕೊಳೆತ ಬದನೇಕಾಯಿ! ಪುಟ್ಟೀ, ಕೊಳೆತ ಬದನೇಕಾಯಿ!"

ನನ್ನಿಂದ ಹತ್ತು ಮಾರು ದೂರದಲ್ಲಿ, ನಾನು ಕೂತು ಅತ್ತಿದ್ದ ಜಾಗದ ಎದುರಿಗೇ, ದಂಡೆಯ ಮಣ್ಣಿನಲ್ಲಿ ಅರ್ಧ ಹೂತಿದ್ದ ಸಿಮೆಂಟು ಪೈಪಿನ ಬಾಯಿಯ ಸೊಪ್ಪು ಅಲ್ಲಾಡಿತು. ಮೊದಲು ಕೆಂಪು ಬಾವುಟ ಬಂತು, ಹಿಂದೆ ಅವಳ ಕೆದರಿದ ತಲೆ. ಮೈದುನ ಮೈಕನ್ನೂ ಫೋನನ್ನೂ ಬಿಸಾಡಿ ಓಡಿದ. ಅವಳನ್ನು ಗೋಣಿಚೀಲದಂತೆ ಹೆಗಲಿಗೆ ಹಾಕಿಕೊಂಡು ದಂಡೆ ಹತ್ತಿದ. ನಾವು ಮೇಲೆ ತಲುಪಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕಂದು ನೀರು ಕಲ್ಲುಗಳನ್ನು ಉರುಳಿಸುತ್ತಾ ಬಂತು. ಪೈಪಿನ ಬಾಯಿ ನೋಡನೋಡುತ್ತಲೇ ಮುಚ್ಚಿಹೋಯಿತು.

ನಾನು ಮಗಳನ್ನು ಎಳೆದುಕೊಂಡು ಅವಳ ಮೈಯೆಲ್ಲ ಮುಟ್ಟಿ ನೋಡಿದೆ. ಒಂದು ತರಚು ಗಾಯವೂ ಇರಲಿಲ್ಲ. ಅವಳಿಗೆ ಹೆಮ್ಮೆ ತಡೆಯಲಾಗುತ್ತಿರಲಿಲ್ಲ.

"ಅಮ್ಮಾ, ನೀನು ಅಲ್ಲೇ ಕೂತು ಅಳ್ತಿದ್ಯಲ್ಲ, ನನಗೆ ಕಾಣಿಸ್ತಿತ್ತು. ಎಷ್ಟು ನಿಜದ ಥರ ಅಳ್ತಿದ್ದೆ ಗೊತ್ತಾ? ಇನ್ನೇನು ಬಂದುಬಿಡ್ತಿದ್ದೆ. ಆಮೇಲೆ ಬಾಯಿಗೆ ಕೈ ಒತ್ತಿ ಹಿಡ್ಕೊಂಡೆ."

ಮೈದುನ ಅವಳ ಮುಂದೆ ಮಂಡಿಯೂರಿ ಕುಳಿತ. ಇಪ್ಪತ್ತು ವರ್ಷದಲ್ಲಿ ಅವನು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಬೆರಳು ಹೋದಾಗಲೂ ಆಸ್ಪತ್ರೆಯಲ್ಲಿ ತಮಾಷೆ ಮಾಡುತ್ತಿದ್ದವನು.

"ಪುಟ್ಟೀ, ನಾನು ಹೇಳಿಕೊಟ್ಟಿದ್ದು ತಪ್ಪು" ಎಂದ. "ಇನ್ಮೇಲೆ ಅಮ್ಮ ಕರೆದ್ರೆ, ಯಾವ ಆಟದಲ್ಲಿದ್ರೂ, ಎಲ್ಲಿದ್ರೂ ಓಗೊಡಬೇಕು. ಆಯ್ತಾ ಕಂದಾ?"

ಪುಟ್ಟಿ ಅವನ ಕೆನ್ನೆಯ ಮೇಲಿನ ನೀರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಅವನ ಮುಖ ನೋಡಿ ಕಿಸಕ್ಕನೆ ನಕ್ಕಳು.

"ಹೋಗು ಚಿಕ್ಕಪ್ಪಾ, ಇದಕ್ಕೂ ನಾನು ಮೋಸ ಹೋಗಲ್ಲ."